ಮರಿಯಲ್ಲದ ಮೀನು

"ಇದು ಮಾಮೂಲಿ ಜಾತಿಯ ಮರಿ. ಪ್ರಬಂಧದಿಂದ ಕೈಬಿಡುವುದು ಒಳ್ಳೆಯದು."

ನಾನು ಕಳಿಸಿದ ಫೋಟೊಗಳಿಗೆ ಬಂದ ಉತ್ತರ ಇಷ್ಟೇ. ಬರೆದವರು ಸಣ್ಣ ಮೀನುಗಳ ವರ್ಗೀಕರಣದಲ್ಲಿ ದೊಡ್ಡ ಹೆಸರು ಮಾಡಿದ ತಜ್ಞೆ. ಬೇರೆ ಊರಿನ ವಸ್ತುಸಂಗ್ರಹಾಲಯವೊಂದರಲ್ಲಿ ಅರ್ಧ ಆಯುಷ್ಯವನ್ನು ಮೀನಿನ ಸೀಸೆಗಳ ನಡುವೆ ಕಳೆದವರು. ಅವರು ಅಲ್ಲ ಅಂದದ್ದನ್ನು ಹೌದು ಅನ್ನುವವರು ನಮ್ಮ ಕ್ಷೇತ್ರದಲ್ಲಿ ಇಲ್ಲ. ಹೊನ್ನಾವರದ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಪ್ರಯೋಗಾಲಯದಲ್ಲಿ ಹುಡುಗಿಯರೆಲ್ಲ ತಲೆ ಬಗ್ಗಿಸಿ ಸ್ಲೈಡ್ ನೋಡುತ್ತಿದ್ದ ಹೊತ್ತಿನಲ್ಲಿ ಆ ಉತ್ತರವನ್ನು ಮೊಬೈಲಿನಲ್ಲಿ ಓದಿದೆ. ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ನನಗೆ ಮೊದಲಿನಿಂದಲೂ ಅಳುವಿಗಿಂತ ಸಿಟ್ಟೇ ಬೇಗ ಬರುವುದು.

ಮುರ್ಡೇಶ್ವರದಿಂದ ದೋಣಿಯಲ್ಲಿ ಹೋದರೆ ಸಿಗುವ ನೇತ್ರಾಣಿ ದ್ವೀಪದ ಸುತ್ತ, ನೀರಿನ ಅಡಿಯಲ್ಲಿ, ಹವಳದ ದಿಬ್ಬಗಳಿವೆ. ಅಲ್ಲಿನ ಅತಿ ಸಣ್ಣ ಮೀನುಗಳು ನನ್ನ ಪಿಎಚ್‌ಡಿ ವಿಷಯ. ಅವುಗಳಲ್ಲಿ ಒಂದು ಗೋಬಿ ಗುಂಪಿನ ಮೀನು, ಬಾಲವನ್ನೂ ಸೇರಿಸಿದರೆ ಹೆಬ್ಬೆರಳಿನ ಉಗುರಿನಷ್ಟು ಉದ್ದ. ನಮ್ಮ ಕರಾವಳಿಯಲ್ಲಿ ಅದು ಇದೆ ಎಂದು ಯಾರೂ ಇದುವರೆಗೆ ಬರೆದಿರಲಿಲ್ಲ. ಇದೆ ಎಂದು ಬರೆದವಳು ನಾನು. ಪ್ರಬಂಧದ ಮುಖ್ಯ ಅಧ್ಯಾಯ ಅದರ ಮೇಲೆಯೇ ನಿಂತಿತ್ತು. ಪ್ರಬಂಧ ಒಪ್ಪಿಸಲು ಮಳೆಗಾಲ ಮುಗಿಯುವವರೆಗೆ ಮಾತ್ರ ಅವಕಾಶ, ಕೊಡಬಹುದಾದ ಮುಂದೂಡಿಕೆಯನ್ನೆಲ್ಲ ವಿಶ್ವವಿದ್ಯಾಲಯ ಆಗಲೇ ಕೊಟ್ಟು ಮುಗಿಸಿತ್ತು. ಈ ಮೀನು ಹೋದರೆ ಅಧ್ಯಾಯ ಹೋಯಿತು, ಅಧ್ಯಾಯ ಹೋದರೆ ಇಷ್ಟು ವರ್ಷ ನೀರಿನಲ್ಲಿ ಮುಳುಗಿ ಎದ್ದದ್ದೆಲ್ಲ ನೀರಿನಲ್ಲಿ ಮಾಡಿದ ಹೋಮ.

ನನ್ನ ಗೈಡ್ ಒಳ್ಳೆಯ ಮನುಷ್ಯ. ಫೋನಿನಲ್ಲಿ ಮೆತ್ತಗೆ ಹೇಳಿದರು. "ನೋಡಮ್ಮ, ಅವರೇ ಮರಿ ಅಂದಮೇಲೆ ನಾನು ಅಲ್ಲ ಅಂತ ಹೇಗೆ ಸಹಿ ಹಾಕಲಿ? ಬೇರೆ ಸಾಕ್ಷಿ ಇದ್ದರೆ ತಾ. ಇಲ್ಲದಿದ್ದರೆ ಆ ಭಾಗ ತೆಗೆದುಬಿಡೋಣ."

"ತರ್ತೇನೆ ಸರ್" ಅಂದೆ. ಎಲ್ಲಿಂದ ತರುವುದು ಎಂದು ಗೊತ್ತಿರಲಿಲ್ಲ.

ಸಿಟ್ಟು ಇಳಿದ ಮೇಲೆ ಅದೇ ಫೋಟೊಗಳನ್ನು ಅವರ ಕಣ್ಣಿನಿಂದ ನೋಡಲು ಯತ್ನಿಸಿದೆ. ನೋಡಿದರೆ ಅವರು ಬರೆದದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ನನ್ನ ಮೀನು ಬೇಯಿಸಿಟ್ಟ ಅನ್ನದ ಅಗುಳಿನಂತೆ ಬೆಳ್ಳಗೆ ಸೊಟ್ಟಗೆ ಬಿದ್ದುಕೊಂಡಿತ್ತು. ನಮ್ಮಲ್ಲಿ ಎಲ್ಲರೂ ಮಾಡುವಂತೆ ನಾನೂ ದೋಣಿಯಲ್ಲಿಯೇ ಹಿಡಿದ ಮೀನನ್ನು ಕೆಡದಿರಲೆಂದು ನೇರವಾಗಿ ಫಾರ್ಮಾಲಿನ್‌ಗೆ ಹಾಕಿದ್ದೆ. ಬಂಗುಡೆ, ತಾರ್ಲೆಯಂಥ ಮೀನಿಗೆ ಅದು ಸರಿ. ಮೈಯೇ ಗಾಜಿನಂತಿರುವ ಈ ಪುಟ್ಟ ಜೀವಕ್ಕೆ ಫಾರ್ಮಾಲಿನ್ ತಗುಲಿದ ಕೂಡಲೇ ಬಣ್ಣ ಮಾಯ, ಈಜುರೆಕ್ಕೆಗಳು ಮೈಗೆ ಅಂಟಿಕೊಂಡು ಅವುಗಳೊಳಗಿನ ಸಣ್ಣ ಕಡ್ಡಿ ಎಣಿಸುವ ಮಾತೇ ಇಲ್ಲ. ಗುರುತಿನ ಲಕ್ಷಣಗಳೆಲ್ಲ ಇರುವುದು ಆ ಬಣ್ಣದಲ್ಲಿ, ಆ ಕಡ್ಡಿಗಳಲ್ಲಿ.

ನೀರಿನಡಿಯಲ್ಲಿ ಜೀವಂತವಾಗಿ ನೋಡಿದರೆ ಅದು ಬೇರೆಯೇ ಮೀನು. ಪಾರದರ್ಶಕ ಮೈ, ಬೆನ್ನೆಲುಬಿನ ಗುಂಟ ಕೆಂಗಂದು ತುಣುಕುಗಳು, ಪಕ್ಕದ ರೆಕ್ಕೆಯ ಬುಡದಲ್ಲಿ ಒಂದರ ಮೇಲೊಂದು ಎರಡು ಕಪ್ಪು ಚುಕ್ಕೆ, ಕಣ್ಣಿನ ಸುತ್ತ ಚಕ್ರದ ಅರೆಗಳಂಥ ಕೆಂಪು ಗೆರೆ. ಮಾಮೂಲಿ ಜಾತಿಯಲ್ಲಿ ರೆಕ್ಕೆಯ ಬುಡದ ಚುಕ್ಕೆ ಒಂದೇ. ಹವಳದ ಕವಲಿನ ಮೇಲೆ ಕೂತು ಕತ್ತು ತಿರುಗಿಸಿ ನನ್ನನ್ನು ನೋಡುತ್ತಿದ್ದ ಆ ಎರಡು ಚುಕ್ಕೆಯ ಮೀನನ್ನು ನಾನು ಎಷ್ಟೋ ಸಲ ಕಂಡಿದ್ದೆ. ಕಂಡದ್ದು ಸಾಕ್ಷಿಯಾಗುವುದಿಲ್ಲ, ಅದೇ ಕಷ್ಟ.

ಈ ಮೀನಿನ ಹೆಸರು ಎತ್ತಿದರೆ ಸಾಕು, ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು "ಮಂಚೂರಿ ಯಾವಾಗ?" ಎಂದು ಕೇಳುತ್ತಿದ್ದರು. ಕುಮಟಾ ಹತ್ತಿರದ ಬಾಡದಲ್ಲಿ ನಮ್ಮ ಮನೆ. ಮೀನು ಹಿಡಿದೇ ಬಾಳಿದ ಮನೆತನ. ಅಲ್ಲಿ ಅಮ್ಮನದು ಇನ್ನೊಂದು ಪ್ರಶ್ನೆ. "ಅಲ್ವೇ, ಇದ್ರದ್ದು ಒಂದು ಸಾರು ಮಾಡೂಕೆ ಎಷ್ಟು ಸಾವ್ರ ಬೇಕಾಗ್ತದೆ? ಸಮುದ್ರದಲ್ಲಿ ನಿಂಗೆ ಬೇರೆ ಮೀನೇ ಸಿಕ್ಕಿಲ್ವಾ?" ನಗುವವರ ಜೊತೆ ನಾನೂ ನಗುತ್ತಿದ್ದೆ. ಆ ವಾರ ಮಾತ್ರ ನಗು ಬರಲಿಲ್ಲ.

ಮೇ ತಿಂಗಳು ಅರ್ಧ ದಾಟಿತ್ತು. ಜೂನ್ ಬಂತೆಂದರೆ ಕಡಲು ಮುಚ್ಚಿದ ಹಾಗೆ. ದೋಣಿಗಳನ್ನು ಮೇಲೆಳೆದು ತೆಂಗಿನ ಗರಿ ಹೊದಿಸಿಬಿಡುತ್ತಾರೆ. ಮತ್ತೆ ನೀರು ತಿಳಿಯಾಗಿ ಮುಳುಗಲು ಸಾಧ್ಯವಾಗುವುದು ದಸರೆಯ ಹೊತ್ತಿಗೆ. ಅಷ್ಟರಲ್ಲಿ ನನ್ನ ಗಡುವು ಮುಗಿದಿರುತ್ತದೆ. ಮುರ್ಡೇಶ್ವರದ ಡೈವಿಂಗ್ ಕೇಂದ್ರದವನಿಗೆ ಫೋನ್ ಮಾಡಿದೆ. ನನಗೆ ಮುಳುಗಲು ಕಲಿಸಿದವನು ಅವನೇ, ವಯಸ್ಸಿನಲ್ಲಿ ನನಗಿಂತ ಚಿಕ್ಕವನು.

"ಟೀಚರ್, ನೀವು ತಿಮಿಂಗಿಲ ಹುಡ್ಕಿದ್ರೆ ನಂಗೂ ಸುಲಭ ಆಗ್ತಿತ್ತು" ಅಂದ. "ಗಾಳಿ ತಿರುಗ್ತಾ ಉಂಟು. ಆದ್ರೂ ಬನ್ನಿ, ನೋಡುವ."

ಮೀನಿಗೆ ಮಂಪರು ಬರಿಸಲು ಲವಂಗದ ಎಣ್ಣೆ ಬೇಕು. ಸ್ಪಿರಿಟ್‌ನಲ್ಲಿ ಕರಗಿಸಿ, ಪಿಚಕಾರಿ ಬಾಟಲಿಗೆ ತುಂಬಿ, ಹವಳದ ಸಂದಿಗೆ ಸ್ವಲ್ಪವೇ ಬಿಟ್ಟರೆ ಒಳಗಿರುವ ಸಣ್ಣ ಮೀನು ತೂಕಡಿಸುತ್ತ ಹೊರಗೆ ಬರುತ್ತದೆ. ಚಹಾ ಸೋಸುವ ಜಾಲರಿಯಂಥ ಬಲೆಯಲ್ಲಿ ಅದನ್ನು ಎತ್ತಿಕೊಳ್ಳಬೇಕು. ಕೆಲವೇ ಮೀನು ಹಿಡಿಯಲು ಅನುಮತಿ ಪಡೆದಿದ್ದೆ, ಹಾಗಾಗಿ ವ್ಯರ್ಥ ಮಾಡುವಂತಿಲ್ಲ. ಎಣ್ಣೆಗೆಂದು ಭಟ್ಕಳ ಪೇಟೆಯ ಅತ್ತರಿನ ಅಂಗಡಿಗೆ ಹೋದಾಗ ಅಲ್ಲಿನ ಹಿರಿಯರು ಕನಿಕರದಿಂದ ನನ್ನ ದವಡೆ ನೋಡಿದರು.

"ಹಲ್ಲು ನೋವು ಜಾಸ್ತಿಯಾ ಅಮ್ಮಾ?"

"ನನಗಲ್ಲ, ಮೀನಿಗೆ."

ಅವರು ಸೀಸೆಯನ್ನು ಬೇಗಬೇಗ ಕಾಗದದಲ್ಲಿ ಸುತ್ತಿ ಕೊಟ್ಟರು. ತಲೆ ಕೆಟ್ಟವರ ಜೊತೆ ವ್ಯಾಪಾರ ಬೇಗ ಮುಗಿಸಬೇಕೆಂದು ಅವರಿಗೆ ಗೊತ್ತಿತ್ತು.

ಆ ಪ್ರಯಾಣದ ಬಗ್ಗೆ ಹೇಳಿಕೊಳ್ಳಲು ಹೆಮ್ಮೆಯ ವಿಷಯವೇನೂ ಇಲ್ಲ. ಕಡಲು ಕಲಕಿತ್ತು, ಅಡಿಯಲ್ಲಿ ಕೈಯಳತೆಯಾಚೆ ಮಬ್ಬು. ನನಗೆ ಪರಿಚಯದ ಹವಳದ ಗುಡ್ಡೆಯನ್ನು ಹುಡುಕುವುದರಲ್ಲೇ ಸಿಲಿಂಡರಿನ ಗಾಳಿ ಅರ್ಧ ಖಾಲಿ. ಕೊನೆಗೆ ಸಿಕ್ಕಿತು, ಎರಡು ಚುಕ್ಕೆಯೂ ಕಂಡಿತು. ಪಿಚಕಾರಿ ಒತ್ತಿದೆ. ಮೀನು ತೂರಾಡುತ್ತ ಸಂದಿಯಿಂದ ಹೊರಗೆ ಬಂತು. ಬಲೆ ಚಾಚಿದೆ. ಎಲ್ಲಿತ್ತೋ, ಒಂದು ಬಣ್ಣಬಣ್ಣದ ದೊಡ್ಡ ಮೀನು ನನ್ನ ಕೈ ಕೆಳಗಿನಿಂದ ನುಗ್ಗಿ ಬಂದು ನನ್ನ ಪಿಎಚ್‌ಡಿಯನ್ನು ಗುಳುಂ ಮಾಡಿ ಹೋಯಿತು. ಇನ್ನೊಂದು ಹೊರಬಂತು, ಅದನ್ನೂ ನುಂಗಿತು. ಆ ಮೇಲೆ ನನ್ನ ಬೆನ್ನಿಗೇ ಬಿದ್ದು, ಬಡಿಸುವವರ ಹಿಂದೆ ನಿಂತ ಹಾಗೆ ಸುತ್ತತೊಡಗಿತು. ನೀರಿನೊಳಗೆ ಬೈಯಲಾಗುವುದಿಲ್ಲ. ದೋಣಿ ಹತ್ತಿದ ಮೇಲೆ ಬೈದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ.

ಮುಳುಗಲು ಕಲಿಸಿದವನು ನಗು ತಡೆದುಕೊಂಡು ಹೇಳಿದ, "ಆತು ಬಿಡಿ ಟೀಚರ್. ಇನ್ನೊಂದ್ಸಲ ಹೋಗುವ. ಆದ್ರೆ ಅದೇ ಕಡೇದು. ಆಮೇಲೆ ನೀವು ಅತ್ರೂ ನಾ ದೋಣಿ ಬಿಡೂದಿಲ್ಲ."

ಬಸ್ಸಿನಲ್ಲಿ ಕುಮಟಾಕ್ಕೆ ವಾಪಸಾಗುವಾಗ ಶಾಂತವಾಗಿ ಯೋಚಿಸಿದೆ. ಮೀನು ಸಿಕ್ಕರೂ ಸಾಲದು. ಅದನ್ನು ದೋಣಿಯಲ್ಲಿ ತಂದು, ಮುರ್ಡೇಶ್ವರದಿಂದ ಹೊನ್ನಾವರದವರೆಗೆ ಹೆದ್ದಾರಿಯಲ್ಲಿ ಒಯ್ದು, ಕಾಲೇಜಿನ ಮೇಜಿನ ಮೇಲಿಡುವಷ್ಟರಲ್ಲಿ ಬಣ್ಣ ಉಳಿಯುವುದಿಲ್ಲ. ಮತ್ತೆ ಅದೇ ಬೆಳ್ಳನೆ ಅಗುಳು, ಮತ್ತೆ ಅದೇ ಉತ್ತರ. ಇಷ್ಟು ದಿನ ಮೀನನ್ನು ಸೂಕ್ಷ್ಮದರ್ಶಕದ ಹತ್ತಿರ ತರುತ್ತಿದ್ದೆ. ಸೂಕ್ಷ್ಮದರ್ಶಕವನ್ನೇ ಮೀನಿನ ಹತ್ತಿರ ಒಯ್ದರೆ ಹೇಗೆ? ಹೊನ್ನಾವರ ಬರುವ ಮೊದಲೇ ತೀರ್ಮಾನವಾಯಿತು. ಮುರ್ಡೇಶ್ವರಕ್ಕೆ ತಾಗಿದ ಕಾಯ್ಕಿಣಿಯಲ್ಲಿ ನನ್ನ ಅಮ್ಮನ ತಂಗಿಯ ಮನೆ ಇದೆ. ಬೆಳಕೆಯಲ್ಲಿ ಹುಟ್ಟಿ, ಕಾಯ್ಕಿಣಿಗೆ ಮದುವೆಯಾಗಿ ಬಂದು, ಬೆಳಿಗ್ಗೆ ಭಟ್ಕಳದ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಚಿಕ್ಕಿ. ಅವಳ ಮನೆಯ ಜಗಲಿಯೇ ನನ್ನ ಪ್ರಯೋಗಾಲಯ.

ಕಾಲೇಜಿನಲ್ಲಿ ಇರುವುದರಲ್ಲಿ ಒಳ್ಳೆಯ ಸೂಕ್ಷ್ಮದರ್ಶಕವನ್ನು ಹೊರಗೆ ಕೊಡಲು ನಮ್ಮ ವಿಭಾಗದ ಮುಖ್ಯಸ್ಥೆಗೆ ಸುತಾರಾಂ ಇಷ್ಟವಿರಲಿಲ್ಲ. "ಅದು ಬಿದ್ರೆ ನಾವಿಬ್ರೂ ಬಿದ್ದ ಹಾಗೆ" ಅಂದರು. ಎರಡು ದಿನ ಅವರ ಹಿಂದೆ ಸುತ್ತಿ, ಕೊನೆಗೆ ಅವರ ಹಳೆಯ ಸೀರೆಯಲ್ಲೇ ಸುತ್ತಿಸಿಕೊಂಡು, ಬಸ್ಸಿನಲ್ಲಿ ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ತಂದೆ. ಜೊತೆಗೆ ಕಾಲೇಜಿನ ಸಂಗ್ರಹದಲ್ಲಿದ್ದ ಮಾಮೂಲಿ ಜಾತಿಯ ಒಂದು ಸೀಸೆ, ಹೋಲಿಸಿ ನೋಡಲು. ಒಂದು ಸೀಸೆ ನೀಲಿ ಬಣ್ಣ, ಕೂದಲಿನಂಥ ಕುಂಚಗಳು, ಗಾಳಿ ಊದುವ ರಬ್ಬರಿನ ಉಂಡೆ, ಚಿಕ್ಕ ಗಾಜಿನ ತೊಟ್ಟಿ.

ಕೊನೆಯ ಪ್ರಯಾಣದ ದಿನ ಕಡಲು ನಮಗೆ ಒಲಿಯಿತು. ದೋಣಿ ಹೊರಡುವ ಮೊದಲು ದೋಣಿಯವನು ದ್ವೀಪದ ದೇವರಿಗೆಂದು ಕಾಯಿ ಒಡೆದ. ನಾನೂ ಕೈ ಮುಗಿದೆ, ಆ ಹೊತ್ತಿನಲ್ಲಿ ಯಾರು ಯಾವ ದೇವರಿಗೆ ಹೇಳಿದರೂ ಮುಗಿಯುತ್ತಿದ್ದೆ. ಈ ಸಲ ಹವಳದ ಕವಲಿನ ಮೇಲೆ ಮೊದಲು ಪಾರದರ್ಶಕ ಪ್ಲಾಸ್ಟಿಕ್ ಚೀಲ ಮುಚ್ಚಿ, ಆ ಮೇಲೆ ಎಣ್ಣೆ ಬಿಟ್ಟೆ. ಬಣ್ಣದ ಕಳ್ಳ ಬಂದ. ಚೀಲಕ್ಕೆ ಮೂತಿ ತಾಗಿಸಿ ನೋಡಿದ, ಹೋದ. ಚೀಲದೊಳಗೆ ನಾಲ್ಕು ಮೀನು ಉರುಳಿದವು. ಬಾಟಲಿಗೆ ಸೇರಿಸಿ ಮೇಲೆ ತಂದು ಹೊಸ ನೀರು ಕೊಟ್ಟಾಗ ನಾಲ್ಕೂ ಎಚ್ಚೆತ್ತು ಕಣ್ಣು ತಿರುಗಿಸಿದವು. ನಾಲ್ಕಕ್ಕೂ ಎರಡೆರಡು ಚುಕ್ಕೆ. ಖುಷಿಗೆ ನಾನು ದೋಣಿಯಲ್ಲಿ ಕಿರುಚಿದ್ದು ಕೇಳಿ ದ್ವೀಪದ ಹಕ್ಕಿಗಳೆಲ್ಲ ಎದ್ದವು.

ಕಾಯ್ಕಿಣಿಯ ಜಗಲಿಯಲ್ಲಿ ಮಧ್ಯಾಹ್ನದ ಬೆಳಕು ಚೆನ್ನಾಗಿತ್ತು. ಮೊದಲ ಮೀನನ್ನು ಪುಸ್ತಕದಲ್ಲಿ ಹೇಳಿದಂತೆ ಲವಂಗದ ಎಣ್ಣೆಯ ನೀರಿನಲ್ಲಿ ಶಾಶ್ವತವಾಗಿ ಮಲಗಿಸಿದೆ. ಪ್ರಾಣ ಹೋಗುವ ಹೊತ್ತಿಗೆ ಬಣ್ಣವೂ ಹೋಯಿತು. ಕೆಂಪು ಗೆರೆಗಳು ಮಾಸಿದವು, ರೆಕ್ಕೆಗಳು ಮುದುಡಿದವು. ಚುಕ್ಕೆ ಎರಡೋ ಒಂದೋ ಎಂದು ಮತ್ತೆ ವಾದಕ್ಕೆ ಜಾಗ. ಎಣ್ಣೆಯ ಪ್ರಮಾಣ ಕಡಿಮೆ ಮಾಡಿ ನೋಡೋಣವೆಂದು ಹೊಸ ದ್ರಾವಣ ಮಾಡಲು ಒಳಗೆ ಹೋದೆ. ಉಳಿದ ಮೂರು ಮೀನು ಜಗಲಿಯ ಮೇಲೆ ಒಂದು ಪ್ಲಾಸ್ಟಿಕ್ ಬೋಗುಣಿಯಲ್ಲಿದ್ದವು.

ತಿರುಗಿ ಬಂದಾಗ ಚಿಕ್ಕಿ ಬೋಗುಣಿಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ಅವಳ ಥರ್ಮಾಕೋಲ್ ಪೆಟ್ಟಿಗೆ ಬಾಯಿ ತೆರೆದಿತ್ತು. ಕೈಯಲ್ಲಿ ಪುಡಿ ಐಸು. ಬೋಗುಣಿಯಲ್ಲೂ ಐಸು.

"ಚಿಕ್ಕೀ! ಎಂತ ಮಾಡ್ದ್ಯೇ?"

"ಎಂತ ಮಾಡ್ದೆ? ಮೀನನ್ನ ಬಿಸಿಲಲ್ಲಿ ಇಟ್ಟು ಒಳಗೆ ಹೋಗಿದ್ಯಲ್ಲ. ಐಸ್ ಹಾಕ್ದೆ. ಹಾಳಾಗೂದಿಲ್ವಾ?"

"ಅವು ಜೀವ ಇದ್ದ ಮೀನೇ! ಬೇಕಂತ ಜೀವ ಇಟ್ಟದ್ದು!"

"ನಂಗೆಂತ ಗೊತ್ತು ಮಾರಾಯ್ತಿ? ಐಸ್ ಇಲ್ದೇ ಮೀನು ಕಂಡ್ರೆ ನಂಗೆ ಕೈ ನಿಲ್ಲೂದಿಲ್ಲ."

ಮಾರ್ಕೆಟ್ಟಿನಲ್ಲಿ ಇಷ್ಟು ವರ್ಷ ಕಳೆದ ಕೈ ಅದು. ಬೇರೆ ಯಾರ ಮನೆಯ ಜಗಲಿಯಲ್ಲಿಯೂ ಈ ಅನಾಹುತ ಆಗುತ್ತಿರಲಿಲ್ಲ. ಇನ್ನೊಂದು ಪ್ರಯಾಣವಿಲ್ಲ, ಇನ್ನೊಂದು ಮೀನಿಲ್ಲ. ಚಿಕ್ಕಿಯ ಮುಖ ಸಣ್ಣದಾಯಿತು. "ತೆಗ್ದು ಬಿಸಿ ನೀರಿಗೆ ಹಾಕ್ಲಾ?" ಎಂದು ಕೇಳಿದಳು ಪಾಪ. ಆ ಸ್ಥಿತಿಯಲ್ಲೂ ನನಗೆ ನಗು ಉಕ್ಕಿ ಬಂತು.

ನಗುತ್ತಲೇ ಬೋಗುಣಿಗೆ ಬಗ್ಗಿದೆ. ನಗು ಅಲ್ಲಿಗೇ ನಿಂತಿತು. ಮೂರು ಮೀನೂ ಸತ್ತಿದ್ದವು, ಆದರೆ ಒಂದರ ಬಣ್ಣವೂ ಹೋಗಿರಲಿಲ್ಲ. ಕೆಂಗಂದು ತುಣುಕು, ಕಣ್ಣಿನ ಸುತ್ತಿನ ಕೆಂಪು ಗೆರೆಗಳು, ರೆಕ್ಕೆಯ ಬುಡದಲ್ಲಿ ಒಂದರ ಮೇಲೊಂದು ಎರಡು ಚುಕ್ಕೆ, ಎಲ್ಲವೂ ಹವಳದ ಮೇಲೆ ಕಂಡ ಹಾಗೆಯೇ. ಮುದುಡಲು ಪುರುಸೊತ್ತು ಸಿಗುವ ಮೊದಲೇ ತಂಡಿ ಅವುಗಳನ್ನು ಹಿಡಿದು ನಿಲ್ಲಿಸಿಬಿಟ್ಟಿತ್ತು. ಕುಂಚದ ತುದಿಯಿಂದ ಮುಟ್ಟಿದರೆ ರೆಕ್ಕೆ ಸಡಿಲವಾಗಿ ಬಿಚ್ಚಿಕೊಂಡಿತು. ಐಸು ಎಂದರೆ ಅಡುಗೆಮನೆಯದು, ಫಾರ್ಮಾಲಿನ್ ಎಂದರೆ ವಿಜ್ಞಾನದ್ದು ಎಂದು ನಮ್ಮ ಪ್ರಯೋಗಾಲಯದಲ್ಲಿ ಯಾರೋ ಎಂದೋ ನಿರ್ಧರಿಸಿದ್ದನ್ನು ನಾನೂ ಪ್ರಶ್ನಿಸದೆ ನಡೆಸಿಕೊಂಡು ಬಂದಿದ್ದೆ.

"ಚಿಕ್ಕಿ, ಇನ್ನಷ್ಟು ಐಸ್ ಹಾಕು" ಅಂದೆ. ಅವಳು ನನ್ನ ಮುಖ ನೋಡಿದಳು. ಬಿಸಿಲು ತಲೆಗೆ ಹತ್ತಿತು ಎಂದು ತಿಳಿದಿರಬೇಕು.

ಆಮೇಲೆ ಕೆಲಸ ಓಡಿತು. ಐಸಿನ ಬೋಗುಣಿಯಿಂದ ಒಂದೊಂದೇ ಮೀನನ್ನು ತೆಗೆದು, ಗಾಜಿನ ತೊಟ್ಟಿಯಲ್ಲಿ ಮಲಗಿಸಿ, ರೆಕ್ಕೆಗಳನ್ನು ಬಿಚ್ಚಿ ಹಿಡಿದು, ಅವಕ್ಕೆ ಮಾತ್ರ ಕುಂಚದಿಂದ ಒಂದು ಹನಿ ಫಾರ್ಮಾಲಿನ್ ಸವರಿದೆ. ರೆಕ್ಕೆ ಬಿಚ್ಚಿದಂತೆಯೇ ಸೆಟೆದು ನಿಂತಿತು. ಎಡ ಮಗ್ಗುಲಿನ ಫೋಟೊಗಳನ್ನೆಲ್ಲ ತೆಗೆದೆ. ಆ ಮೇಲೆ ಎಣಿಕೆ. ಗೋಬಿಗಳಲ್ಲಿ ಹೆಚ್ಚಿನವಕ್ಕೆ ಹೊಟ್ಟೆಯ ಕೆಳಗಿನ ಎರಡು ರೆಕ್ಕೆ ಕೂಡಿಕೊಂಡು ಬಟ್ಟಲಿನಂತಾಗಿರುತ್ತದೆ, ಈ ಕುಲದಲ್ಲಿ ಬೇರೆ ಬೇರೆ. ಆ ರೆಕ್ಕೆಯ ಐದನೆಯ ಕಡ್ಡಿಯೇ ಮುಖ್ಯ. ಮಾಮೂಲಿ ಜಾತಿಯಲ್ಲಿ ಅದು ಗಿಡ್ಡವಾದರೂ ಸ್ಪಷ್ಟವಾಗಿ ಇರುತ್ತದೆ. ನನ್ನ ಮೀನಿನಲ್ಲಿ ಅದು ಇರಲೇ ಇಲ್ಲ. ಮೂರರಲ್ಲೂ ಇರಲಿಲ್ಲ.

ಕೊನೆಗೆ ನೀಲಿ. ಗೋಬಿಗಳ ತಲೆಯ ಮೇಲೆ ಸೂಜಿಮೊನೆಯಂಥ ರಂಧ್ರಗಳಿರುತ್ತವೆ. ನೀರಿನ ಅಲುಗಾಟವನ್ನು ಮೀನು ಆ ರಂಧ್ರಗಳಿಂದಲೇ ತಿಳಿಯುವುದು. ಯಾವ ರಂಧ್ರ ಎಲ್ಲಿದೆ, ಯಾವುದು ಇಲ್ಲ ಎಂಬುದೇ ಜಾತಿಯ ಗುರುತು. ಬರಿಗಣ್ಣಿಗೆ ಬಿಡಿ, ಸೂಕ್ಷ್ಮದರ್ಶಕದಲ್ಲೂ ಅವು ಸುಲಭಕ್ಕೆ ಕಾಣುವುದಿಲ್ಲ. ಮೀನಿಗೆ ನೀಲಿ ಹಚ್ಚಿ, ರಬ್ಬರಿನ ಉಂಡೆಯಿಂದ ಮೆಲ್ಲಗೆ ಗಾಳಿ ಊದಿ ಒಣಗಿಸಿದರೆ ರಂಧ್ರಗಳು ಕಡುನೀಲಿಯಾಗಿ ಎದ್ದು ತೋರುತ್ತವೆ. ಹೆಚ್ಚು ಊದಿದರೆ ಚರ್ಮ ಸುಕ್ಕುಗಟ್ಟುತ್ತದೆ, ಕಡಿಮೆ ಊದಿದರೆ ನೀರೇ ಹೊಳೆಯುತ್ತದೆ. ಮೊದಲು ಮಾಮೂಲಿ ಜಾತಿಯ ಮೀನಿಗೆ ಹಚ್ಚಿದೆ. ಕಣ್ಣುಗಳ ಹಿಂದೆ ಒಂದು ಜೋಡಿ ರಂಧ್ರ ಚೊಕ್ಕವಾಗಿ ಕಂಡಿತು. ನನ್ನ ಮೀನಿಗೆ ಹಚ್ಚಿದೆ. ಆ ಜಾಗ ನುಣ್ಣಗೆ, ಖಾಲಿ. ಲೋಳೆ ಮುಚ್ಚಿರಬಹುದೆಂದು ಒರೆಸಿ ಮತ್ತೆ ಹಚ್ಚಿದೆ. ಖಾಲಿಯೇ. ಎರಡನೆಯ ಮೀನಿನಲ್ಲೂ ಖಾಲಿ.

ಸೂಕ್ಷ್ಮದರ್ಶಕದ ಕಣ್ಣಿಗೆ ಮೊಬೈಲ್ ಹಿಡಿದು ಫೋಟೊ ತೆಗೆದು, ಎಲ್ಲವನ್ನೂ ನೇರವಾಗಿ ತಜ್ಞೆಗೆ ಕಳಿಸಿದೆ. ಗೆದ್ದೆ ಎಂದುಕೊಂಡು ಚಿಕ್ಕಿ ಕೊಟ್ಟ ಚಹಾ ಕುಡಿಯುತ್ತಿದ್ದೆ. ಅವರೇ ಫೋನ್ ಮಾಡಿದರು.

"ಫೋಟೊ ತುಂಬ ಚೆನ್ನಾಗಿವೆ. ಆದರೆ ನೀವು ಕಳಿಸಿದ್ದು ನನ್ನ ಮಾತನ್ನೇ ಸಾಧಿಸುತ್ತದಲ್ಲ" ಎಂದರು. "ಮರಿಗಳಲ್ಲಿ ಆ ರಂಧ್ರಗಳು ಇನ್ನೂ ಮೂಡಿರುವುದಿಲ್ಲ. ಐದನೆಯ ಕಡ್ಡಿಯೂ ತಡವಾಗಿ ಬರುವುದು. ಚುಕ್ಕೆ ಒಡೆದು ಎರಡಾಗಿರುವ ಮರಿಗಳನ್ನು ನಾನೇ ನೋಡಿದ್ದೇನೆ. ಇದು ಬೆಳೆದ ಮೀನು ಅನ್ನುವುದಕ್ಕೆ ನಿಮ್ಮ ಹತ್ತಿರ ಏನಿದೆ?"

ಈ ಸಲ ಸಿಟ್ಟು ಬರಲಿಲ್ಲ, ಏಕೆಂದರೆ ಪ್ರಶ್ನೆ ಸರಿಯಾಗಿತ್ತು. ಉದ್ದ ಅಳೆದು ತೋರಿಸಿದರೆ ಪ್ರಯೋಜನವಿಲ್ಲ, ಸಣ್ಣದು ಎಂಬುದೇ ಅವರ ವಾದ. "ಸ್ವಲ್ಪ ಸಮಯ ಕೊಡಿ ಮೇಡಂ" ಎಂದು ಫೋನ್ ಇಟ್ಟೆ.

"ಎಂತ ಹೇಳ್ದ್ರು?" ಚಿಕ್ಕಿ ಕೇಳಿದಳು.

"ಮರಿಯೇ ಅಂತಾರೆ."

ಉಳಿದದ್ದು ನಾನು ನೀಲಿ ಹಚ್ಚದೆ ಬಿಟ್ಟಿದ್ದ ಮೂರನೆಯ ಮೀನು. ಮೂರರಲ್ಲಿ ಅದೇ ತೀರಾ ಚಿಕ್ಕದು. ಬಣ್ಣ ಚೆನ್ನಾಗಿದೆ ಎಂದೇ ಅದನ್ನು ಹಾಗೇ ಇಟ್ಟಿದ್ದೆ. ಏನು ಹುಡುಕುತ್ತಿದ್ದೇನೆಂದು ನನಗೇ ಖಚಿತವಿಲ್ಲದೆ ಅದನ್ನು ಮತ್ತೆ ಗಾಜಿನ ಮೇಲಿಟ್ಟೆ. ಇಡೀ ದಿನ ಬೆಳಕನ್ನು ಮೇಲಿನಿಂದಲೇ ಬಿಟ್ಟಿದ್ದೆ, ಏಕೆಂದರೆ ಚುಕ್ಕೆ, ಕಡ್ಡಿ, ರಂಧ್ರ ಎಲ್ಲವೂ ಚರ್ಮದ ಮೇಲಿನ ಸಂಗತಿ. ಮೈಯೇ ಗಾಜಿನಂತಿರುವ ಮೀನಿನ ಒಳಗನ್ನು ನಾನು ನೋಡಿಯೇ ಇರಲಿಲ್ಲ. ಚಿಕ್ಕಿಯ ಮೊಬೈಲಿನ ಟಾರ್ಚ್ ಹಚ್ಚಿ ಗಾಜಿನ ಕೆಳಗೆ ಹಿಡಿಯಲು ಹೇಳಿದೆ.

"ಇನ್ನೂ ಎಡಕ್ಕೆ. ಹಾಂ, ಹಾಗೇ ಹಿಡ್ಕೊ."

ಬೆಳಕು ಮೀನಿನ ಮೈಯೊಳಗಿಂದ ಹಾದು ಬಂತು. ಬೆನ್ನೆಲುಬು ಕಂಡಿತು, ಅದರ ಕೆಳಗೆ ಹೊಟ್ಟೆ. ಹೊಟ್ಟೆಯ ಹಿಂಭಾಗದಲ್ಲಿ, ಎರಡೂ ಬದಿಗೆ, ಸಬ್ಬಕ್ಕಿ ಬೇಯಿಸಿ ತುಂಬಿಟ್ಟ ಹಾಗೆ ದುಂಡಗಿನ ಕಾಳುಗಳು. ಒಂದಕ್ಕೊಂದು ಒತ್ತಿಕೊಂಡು, ಒಂದೇ ಗಾತ್ರದವು. ಫೋಕಸ್ ತಿರುಪನ್ನು ಹಿಂದೆ ಮುಂದೆ ತಿರುಗಿಸಿ ಮತ್ತೆ ನೋಡಿದೆ. ಸಂಶಯವೇ ಇಲ್ಲ.

ಮೊಟ್ಟೆ!

"ಚಿಕ್ಕಿ, ಅಲುಗಾಡಬೇಡ. ದಮ್ಮಯ್ಯ, ಕೈ ಅಲುಗಿಸಬೇಡ" ಎನ್ನುತ್ತ ವಿಡಿಯೊ ತೆಗೆದೆ. ಕಳಿಸಿದೆ. ಕಳಿಸಿ ಅವರು ನೋಡಲು ಬೇಕಾದಷ್ಟು ಹೊತ್ತನ್ನೂ ಕೊಡದೆ ಫೋನ್ ಮಾಡಿದೆ.

"ಮೇಡಂ, ಮೂರರಲ್ಲಿ ತೀರಾ ಚಿಕ್ಕದು ಇದು. ಹೊಟ್ಟೆ ನೋಡಿ."

ಅತ್ತ ಕಡೆ ವಿಡಿಯೊವನ್ನು ಅವರು ಮತ್ತೆ ಮತ್ತೆ ನೋಡುತ್ತಿದ್ದಾರೆಂದು ತಿಳಿಯಿತು. ಅದರಲ್ಲಿದ್ದ ನನ್ನದೇ "ದಮ್ಮಯ್ಯ" ಪದೇ ಪದೇ ಕೇಳಿಸುತ್ತಿತ್ತು. ಆ ಮೇಲೆ ಅವರು ನಗತೊಡಗಿದರು. ಅಷ್ಟು ದೊಡ್ಡ ಹೆಸರಿನವರು ಹಾಗೆ ಬಾಯಿಬಿಟ್ಟು ನಗುತ್ತಾರೆಂದು ನಾನು ಎಣಿಸಿರಲಿಲ್ಲ.

"ಮರಿ ಎಂದೆನಲ್ಲ, ಇದು ತಾಯಿ" ಎಂದರು. "ನೀವು ಹೇಳಿದ್ದೇ ಸರಿ. ನನ್ನದು ತಪ್ಪು. ಇಂದೇ ನಿಮ್ಮ ಗೈಡ್‌ಗೆ ಬರೆಯುತ್ತೇನೆ. ಮಳೆ ಹಿಡಿಯುವ ಮೊದಲು ಮೀನುಗಳನ್ನು ಇಲ್ಲಿಗೆ ತನ್ನಿ. ಅಧ್ಯಾಯದಲ್ಲಿ ಎಲ್ಲಿಯೂ 'ಬಹುಶಃ' ಅಂತ ಬರೆಯಬೇಡಿ."

ಫೋನ್ ಇಟ್ಟು ಚಿಕ್ಕಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದೆ. ಅವಳು ನನಗಿಂತ ಭಾರ, ಹೇಗೆ ಎತ್ತಿದೆನೋ. "ಬಿಡೇ, ಬಿಡೇ, ಸೊಂಟ!" ಎಂದು ಕೂಗಿಕೊಂಡಳು. ಬಿಟ್ಟ ಮೇಲೆ ಅವಳೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, "ಅಬ್ಬಬ್ಬ, ಇಷ್ಟೇ ಇಷ್ಟು ಮೀನಿಗೆ ಎಷ್ಟು ಸಂಸಾರವೇ!" ಅಂದಳು. ಬೇಲಿಯಾಚೆಯ ಮನೆಯವರನ್ನೆಲ್ಲ ಕರೆದು ತೋರಿಸಿದಳು. ಸಾಲಾಗಿ ನಿಂತು ನೋಡಿದ ಹೆಂಗಸರಿಗೆ, ತಾನು ಐಸು ಹಾಕಿದ್ದರಿಂದಲೇ ಮೀನು ಗೆದ್ದದ್ದು ಎಂದು ಹೇಳುತ್ತಿದ್ದಳು. ನಾನು ಅಲ್ಲ ಅನ್ನಲಿಲ್ಲ.

ಮೀನುಗಳನ್ನು ಕ್ರಮದಂತೆ ಭದ್ರಪಡಿಸಿ, ಒಂದರ ಬಲ ಮಗ್ಗುಲಿನಿಂದ ವಂಶವಾಹಿ ಪರೀಕ್ಷೆಗೆಂದು ಒಂದು ಚೂರು ಮಾಂಸ ತೆಗೆದು ಬೇರೆ ಇಟ್ಟೆ. ಸೂಕ್ಷ್ಮದರ್ಶಕ ಸುಖವಾಗಿ ಹೊನ್ನಾವರ ಸೇರಿತು. ಆಮೇಲೆ ಸೀಸೆಗಳನ್ನು ಬಟ್ಟೆಯ ನಡುವೆ ಸುತ್ತಿ ಕುಮಟಾದಿಂದ ರೈಲು ಹತ್ತಿದೆ.

ವಸ್ತುಸಂಗ್ರಹಾಲಯದ ಕೋಣೆಯಲ್ಲಿ ತಜ್ಞೆ ನನ್ನನ್ನು ಕೂರಿಸಿ, ಬೆಳಿಗ್ಗೆಯೆಲ್ಲ ನನ್ನ ಮೀನುಗಳನ್ನು ಪರೀಕ್ಷಿಸಿದರು. ನಾನು ಎಣಿಸಿದ ಪ್ರತಿ ಕಡ್ಡಿಯನ್ನೂ ಅವರು ಎಣಿಸಿದರು. ನೀಲಿ ಹಚ್ಚಿ ಊದಿದರು. ಅವರ ಊದುವ ಹದ ನೋಡಿ ಕಲಿಯಬೇಕು. ಊಟದ ಹೊತ್ತಿಗೆ ತಲೆಯೆತ್ತಿ, "ಹೂಂ" ಎಂದರು. ಎದ್ದು ಹೋಗಿ ಮೇಜಿನ ಖಾನೆಯಿಂದ ದಪ್ಪ ಕಾಗದದ ಒಂದು ಸಣ್ಣ ಚೀಟಿ, ಮಸಿಯ ಪೆನ್ನು ತಂದು ನನ್ನ ಮುಂದಿಟ್ಟರು.

ಸೀಸೆಯೊಳಗೆ ಮೀನಿನ ಜೊತೆಗೇ ಮುಳುಗಿ, ನಾವೆಲ್ಲ ಹೋದ ಮೇಲೂ ಉಳಿಯುವ ಚೀಟಿ ಅದು. ಜಾತಿಯ ಹೆಸರು, ಸಿಕ್ಕಿದ ಸ್ಥಳ, ಕೆಳಗೆ ಎರಡು ಸಾಲು. ಒಂದು, ಹಿಡಿದವರು. ಇನ್ನೊಂದು, ಗುರುತಿಸಿದವರು. ನಮ್ಮಂಥ ಸಣ್ಣ ಊರಿನ ಕಾಲೇಜಿನವರ ಹೆಸರು ಮೊದಲನೆಯ ಸಾಲಿನಲ್ಲಿ ಬರುತ್ತದೆ, ಎರಡನೆಯದರಲ್ಲಿ ಅವರಂಥವರದು. ಅದೇ ರೂಢಿ. ನಾನು ಜಾತಿಯ ಹೆಸರು ಬರೆದೆ, ನೇತ್ರಾಣಿ ಎಂದು ಬರೆದೆ, ಹಿಡಿದವರ ಮುಂದೆ ನನ್ನ ಹೆಸರು ಬರೆದೆ. ಕೊನೆಯ ಸಾಲು ಬಿಟ್ಟು ಪೆನ್ನನ್ನು ಅವರ ಕಡೆ ಚಾಚಿದೆ.

ಅವರು ತೆಗೆದುಕೊಳ್ಳಲಿಲ್ಲ.

"ಗುರುತಿಸಿದ್ದು ಯಾರು?" ಎಂದು ಕೇಳಿದರು. "ನಾನು ಮರಿ ಅಂದವಳು. ಬರೆಯಿರಿ."

ನನ್ನ ಹೆಸರನ್ನೇ ಇನಿಶಿಯಲ್ ಸಮೇತ ಎರಡನೆಯ ಸಲವೂ ಬರೆದೆ. ಮಸಿ ಒಣಗುವವರೆಗೆ ಇಬ್ಬರೂ ಕಾದೆವು, ಆಮೇಲೆ ಅವರೇ ಚಿಮಟಿಗೆಯಲ್ಲಿ ಚೀಟಿ ಎತ್ತಿ ಸೀಸೆಯೊಳಗೆ ಇಳಿಸಿ ಬಿರಡೆ ಹಾಕಿದರು.